ನೂರಾ ಮೂರನೆಯ ಸಾಲು

ಗೋವಂಡಿಯ ಇನ್ನೂರ ಹದಿನಾಲ್ಕು ಮನೆ.
ಹೌದೆಂದರೆ ಒಂದು, ಇಲ್ಲವೆಂದರೆ ಸೊನ್ನೆ:
ಕೆಮ್ಮು, ನಲ್ಲಿ, ಗುಳಿಗೆ ತಪ್ಪಿಸಿದ್ದು.

ಮೊದಲು ನೇರ ಗೆರೆ ಎಳೆದೆ;
ಒಬ್ಬಳಿಗೆ ಕ್ಷಯ ಮರಳುವ ಸಂಭವ
ನೂರಕ್ಕೆ ನೂರಹನ್ನೆರಡು ಎಂದಿತು.
ನಗು ಬಂತು, ನಾಚಿಕೆಯೂ.
ಅಳಿಸಿ ಲಾಜಿಸ್ಟಿಕ್ ಹಚ್ಚಿದೆ.
ಸೊನ್ನೆಯ ಚರಂಡಿಗೆ ಕಾಲಿಡದೆ
ಒಂದರ ತಗಡಿಗೆ ತಲೆ ತಾಗದೆ
ಬಾಗಿ ಬಾಗಿ ಹೋಗುವ ಗೆರೆ,
ಆ ಗಲ್ಲಿಯಲ್ಲಿ ನಾನು ನಡೆದ ಹಾಗೆ.

ಎಲ್ಲ ಕೂತಿತು, ಒಂದು ಸಾಲು ಬಿಟ್ಟು.
ಹಲೀಮಾಬಿ, ಸಿಂದಗಿ ಕಡೆಯವಳು.
ಮನೆಗೆ ಕಿಟಕಿ ಇದೆಯೇ?
"ಐತ್ರಿ. ತೆಗಿಯಂಗಿಲ್ಲ.
ಆಚಿ ಕಸದ ಗುಡ್ಡ, ಹೊಗಿ."

ಒಂದು ಬರೆದೆ. ಸೊನ್ನೆ ಮಾಡಿದೆ.
ಎರಡು ಸಲವೂ ರನ್ ಒತ್ತಿದೆ.
ಮೂರನೆಯ ದಶಾಂಶ ಅಲುಗಿತು,
ಮುಚ್ಚಿದ ಕಿಟಕಿಯ ಸಂದಿಯಷ್ಟು.