ಉಣ್ಣೆ

ನನ್ನ ಕೆಲಸ ಎಣಿಸುವುದು.
ಮೂವತ್ತು ಕೊಡುತ್ತೇವೆ, ಇಪ್ಪತ್ತೆಂಟು ದಿನ ಕಳೆದು ಬರುತ್ತಾರೆ,
ಎರಡು ಮಿಕ್ಕಿದ್ದರೆ ಲೆಕ್ಕ ಸರಿ.
ನೀಲಿ ತಟ್ಟೆಗೆ ಸುರಿದು, ಬೆಣ್ಣೆ ಸವರುವ ಚಾಕುವಿನಿಂದ
ಒಂದೊಂದಾಗಿ ಆಚೆಗೆ ತಳ್ಳುತ್ತೇನೆ.
ಹೊರಗೆ ಸೆಂಕು ನದಿ. ದಾಟಿ ಬಂದವರ ಕಂಬಳಿಗಳಲ್ಲಿ
ಕುದುರೆಯ ಬೆವರು, ಸಗಣಿ ಒಲೆಯ ಹೊಗೆ.

ಮಪುಲೆಂಗಳ ಡಬ್ಬಿ ಸುರಿದರೆ
ಮೊದಲು ಬೀಳುವುದು ಉಣ್ಣೆ.
ಅಂಗೋರಾ ಮೇಕೆಯ ಬಿಳಿ ಉಣ್ಣೆ, ಒತ್ತಿ ತುಂಬಿದ್ದು.
ಯಾಕೆ ಎಂದು ನಾನು ಕೇಳಲಿಲ್ಲ.
ಕುದುರೆ ಕುಲುಕುತ್ತದೆ, ಗುಳಿಗೆ ಗಲಗಲ ಅನ್ನುತ್ತದೆ,
ಆ ಸದ್ದು ಈ ಗುಡ್ಡಗಳಲ್ಲಿ ಯಾರಿಗೆ ಗೊತ್ತಿಲ್ಲ?
ಕುರಿ ಕಾಯುವ ಏಳು ವರ್ಷದ ಹುಡುಗನೂ
ತಿರುಗಿ ನೋಡುತ್ತಾನೆ.

ಜೂನ್: ಎರಡು ಮಿಕ್ಕಿದವು.
ಜುಲೈ: ಎರಡು.
ಆಗಸ್ಟಿನಲ್ಲಿ ಹಿಮ ಬಿದ್ದು ಕಣಿವೆ ಮುಚ್ಚಿತು,
ಹತ್ತು ದಿನ ತಡವಾಗಿ ಬಂದಳು.
ಆಗಲೂ ಎರಡು.
ಬರೆದುಕೊಂಡೆ. ಅವಳು ಹೋದ ಮೇಲೆ
ಬೆರಳು ಮಡಿಚುತ್ತ ಕೂತೆ.

ರಕ್ತದ ಶೀಶೆ ಮೊಖೆಲೆಯ ಕುದುರೆ ಏರಿ ಹೋಯಿತು.
ಮೂರು ವಾರಕ್ಕೆ ಕಾಗದ ಬಂತು: ನಲವತ್ತೆರಡು ಸಾವಿರ.
ತಟ್ಟೆಯ ಲೆಕ್ಕಕ್ಕೆ ಬಣ್ಣ ಬಳಿಯಬಹುದು,
ರಕ್ತ ಯಾರ ಮುಲಾಜಿಗೂ ಬೀಳದು.

"ದೋಣಿ ಹತ್ತುವ ಮುಂಚೆ ಕಲ್ಲಿನ ಮೇಲೆ ಕೂತು ಎಣಿಸುತ್ತೇನೆ,
ಎರಡು ಇಟ್ಟುಕೊಂಡು ಉಳಿದದ್ದು ನೀರಿಗೆ" ಎಂದಳು.
"ನದಿಯ ಮೀನೆಲ್ಲ ಗುಣವಾಗಿರಬೇಕು."
ಇಬ್ಬರೂ ನಕ್ಕೆವು. ನಗು ಬೇಗ ಮುಗಿಯಿತು.

ಗಂಡ ತ್ಲಾಲಿ ವೆಲ್ಕಮ್ಮಿನ ಗಣಿಯಿಂದ ಬಂದಿದ್ದಾನೆ,
ಕೆಲಸ ಹೋಗಿದೆ, ಕೆಮ್ಮು ಉಳಿದಿದೆ.
ಇಡೀ ದಿನ ಒಲೆಯ ಪಕ್ಕ.
"ಡಬ್ಬಿ ಜೋಳದ ಹಿಟ್ಟಿನ ಚೀಲದೊಳಗೆ ಹೂತಿಡುತ್ತಿದ್ದೆ.
ಹಿಟ್ಟು ತಳ ಕಂಡಿತು.
ಖಾಲಿ ಚೀಲದಲ್ಲಿ ಏನನ್ನು ಬಚ್ಚಿಡಲಿ?
ಬರಿ ಹೊಟ್ಟೆಗೆ ನುಂಗಿದರೆ ಮನೆಯೇ ಸುತ್ತುತ್ತದೆ."

ಅದೇ ತಿಂಗಳು ಮಸೇರುವಿನಿಂದ ಒಬ್ಬ ಹುಡುಗ ಬಂದ,
ಇಸ್ತ್ರಿ ಮಾಡಿದ ಅಂಗಿ, ಹದಿನೇಳು ಪುಟದ ಫಾರಂ.
ಚಿಕಿತ್ಸೆ ಯಾರಿಗೆ ಫಲಿಸುತ್ತದೆ, ಯಾರಿಗೆ ಇಲ್ಲ,
ಅದರ ಕಾರಣ ಹುಡುಕುತ್ತಿದ್ದಾನಂತೆ.
ವಯಸ್ಸು? ಓದು? ಮದುವೆ?
ಮನೆಯಿಂದ ಇಲ್ಲಿಗೆ ಎಷ್ಟು ಕಿಲೋಮೀಟರ್?
"ನದಿ ಇಳಿದಾಗಲೋ, ಏರಿದಾಗಲೋ?" ಮಪುಲೆಂಗ್ ಕೇಳಿದಳು.
ಅವನು ಪೆನ್ನು ಕಚ್ಚಿದ.
ಒಳ್ಳೆಯ ಹುಡುಗ. ಕೊನೆಗೆ ಹನ್ನೊಂದು ಎಂದು ಬರೆದ.

ನಾವು ಮಾಡಿದ್ದು ಹೆಚ್ಚೇನಲ್ಲ.
ನರ್ಸು ಹಿಟ್ಟಿನ ಚೀಟಿ ಬರೆದಳು.
ನಾನು, ರೇಡಿಯೋದ ರಾತ್ರಿ ಸುದ್ದಿ ಶುರುವಾದಾಗ ನುಂಗು,
ಒಬ್ಬರಿಗಾದರೂ ಹೇಳು, ಎಂದೆ.
ಯಾರಿಗೆ ಎಂದು ಅವಳು ಕೇಳಲಿಲ್ಲ.
ಎಂದಿನಂತೆ ಉಣ್ಣೆ ತುರುಕಿಕೊಂಡು ಹೋದಳು.

ಡಿಸೆಂಬರಿನಲ್ಲಿ ನದಿ ಕೆಂಪಾಗಿ ಉಬ್ಬಿತ್ತು.
ಸಾಲಿನಲ್ಲಿ ಎಲ್ಲೋ ಗಲಗಲ.
ಜನ ತಿರುಗಿ ನೋಡಿದರು.
ಮಪುಲೆಂಗ್. ತೆರೆದ ಕೈಯಲ್ಲಿ ಡಬ್ಬಿ,
ಅಂಗಡಿಯಿಂದ ಸಕ್ಕರೆ ತಂದವಳ ಹಾಗೆ.
ಹಿಂದೆ ತ್ಲಾಲಿ, ಕೆಮ್ಮುತ್ತ,
ಅವನ ಕೈಯಲ್ಲೂ ಒಂದು ಡಬ್ಬಿ,
ಗಣಿ ಆಸ್ಪತ್ರೆಯ ಚೀಟಿ ಅಂಟಿದ್ದು, ಹಳತು,
ಬಾಯಿಗೆ ಹರಿದ ಕಾಲುಚೀಲ ತುರುಕಿದ್ದು.
ಎಂಟು ತಿಂಗಳಿಂದ ಬೂಟಿನೊಳಗಿತ್ತಂತೆ.

ಅವಳ ಡಬ್ಬಿಯಲ್ಲಿ ನಾಲ್ಕು ಮಿಕ್ಕಿತ್ತು.
ಎರಡು ರಾತ್ರಿ ಮರೆತೆ ಎಂದಳು. ನಾಲ್ಕು ಎಂದೇ ಬರೆದೆ.
ಇಷ್ಟು ವರ್ಷಗಳಲ್ಲಿ
ಇಷ್ಟು ಚೆಂದದ ತಪ್ಪು ಲೆಕ್ಕ ಕಂಡಿರಲಿಲ್ಲ.
ಅವನ ಕಫ ಪರೀಕ್ಷೆಗೆ ಹೋಗಿದೆ. ಕಾಗದ ಬರಬೇಕು.

ಸಂಜೆ ತಟ್ಟೆ ತೊಳೆದು ಬಾಗಿಲು ಹಾಕಿದೆ.
ಮೇಜಿನ ಕೆಳಖಾನೆಯಲ್ಲಿ ನನ್ನದೊಂದು ಡಬ್ಬಿ ಇದೆ,
ಹದಿಮೂರು ವರ್ಷದ್ದು, ಒಂದು ದಿನವೂ ತಪ್ಪಿಲ್ಲ.
ಅಲ್ಲಾಡಿಸಿ ನೋಡಿದೆ.
ಹತ್ತಿ ಗಟ್ಟಿಯಾಗಿ ಕೂತಿದೆ, ಸದ್ದಿಲ್ಲ.
ಇವತ್ತು ತೆಗೆಯಲಿಲ್ಲ.
ನಾಳೆ ಅನ್ನುವ ಮಾತೂ ಕೊಡಲಾರೆ.