ಪಟ್ಟಿ

ಜುಲೈ ಕೊನೆಗೆ ಅವನು ಬಫಲೋಗೆ ಬಂದಾಗ
ಲಾಕರಿನ ಮೇಲೆ ಫಲಕವಿರಲಿಲ್ಲ.
ಯಾರೂ ಆರಿಸದೆ ಬಂದವನಿಗೆ ಫಲಕ ಯಾಕೆ?
ಕಾಲಿಗೆ ಸುತ್ತುವ ಬಿಳಿ ಪಟ್ಟಿಯನ್ನೇ ಒಂದು ಗೇಣು ಹರಿದು
ಮಾರ್ಕರಿನಲ್ಲಿ ಬರೆದು ಅಂಟಿಸಿದವನು ನಾನು:
ಪ್ರೂಯಿಟ್, ಐವತ್ತೇಳು.
ಒಂದು ಅಕ್ಷರ ತಪ್ಪಿತ್ತು.
'ಇರಲಿ ಬಿಡು ಜಿಗ್ಗಿ, ಉಳಿದರೆ ತಿದ್ದೋಣ' ಅಂದ.

ನನ್ನದು ಪಟ್ಟಿ ಕಟ್ಟುವ ಕೆಲಸ.
ಪಟ್ಟಿ ಮಾಡುವವರು ಮೇಲಿನ ಮಹಡಿಯಲ್ಲಿರುತ್ತಾರೆ.

ಮಿಸಿಸಿಪ್ಪಿಯ ಕಡಲಂಚಿನ ಊರು ಅವನದು.
ಅಪ್ಪ ಹಡಗುಕಟ್ಟೆಯಲ್ಲಿ ಬೆಸುಗೆಯವನು,
ಎರಡು ತಗಡು ಒಂದಾಗುವ ಗೆರೆಯನ್ನೇ
ಕಪ್ಪು ಗಾಜಿನೊಳಗಿಂದ ದಿನವಿಡೀ ನೋಡಿದವನು.
ಮಗನೂ ಗೆರೆ ನೋಡುವವನೇ ಆದ:
ಮುಂದಿನ ಸಾಲಿನ ದೈತ್ಯರ ಹಿಂದೆ ನಾಲ್ಕು ಗಜ ಬಿಟ್ಟು
ಮೊಣಕಾಲು ಬಗ್ಗಿಸಿ
ಎಲ್ಲಿ ಬಿರುಕು ಬಿಡುತ್ತದೋ ಎಂದು ಕಾಯುವುದು.

ಲೈನ್‌ಬ್ಯಾಕರ್ ಎಂದರೆ ಗುದ್ದುವವನು ಅಂದುಕೊಂಡಿದ್ದಾರೆ
ಟಿಕೆಟ್ ಕೊಂಡವರು.
ಅಲ್ಲ, ಓದುವವನು.
ಎದುರಿನ ಗಾರ್ಡಿನ ಬೆರಳ ಗೆಣ್ಣು ಬಿಳಿಚಿದ್ದರೆ ಓಟ,
ಭಾರ ಹಿಮ್ಮಡಿಗೆ ಜಾರಿದ್ದರೆ ಪಾಸು.
ಅರೆಕ್ಷಣದ ಓದು, ಆಮೇಲೆ ಗುದ್ದು.
ಓದು ತಪ್ಪಿದರೆ ಎಪ್ಪತ್ತು ಸಾವಿರ ಜನಕ್ಕೂ ಗೊತ್ತಾಗುತ್ತದೆ.
ಸರಿಯಾದದ್ದು ನನಗೊಬ್ಬನಿಗೆ,
ಸೋಮವಾರ ಬೆಳಿಗ್ಗೆ, ಅವನ ಭುಜ ಕಂಡಾಗ.

ಬೆಳಿಗ್ಗೆ ಆರೂವರೆ. ಬಲಗಾಲು ಮೊದಲು.
ಹಿಮ್ಮಡಿಯ ಕೆಳಗಿಂದ ಎಂಟರ ಆಕಾರಕ್ಕೆ ಎರಡು ಸುತ್ತು,
ಗಂಟಿನ ಮೇಲೆ ಮೂರು, ಒಂದು ಬೀಗ.
ಒಂಬತ್ತು ವರ್ಷ ಆ ಪಾದ ನನ್ನ ತೊಡೆಯ ಮೇಲೆ ಕೂತಿತ್ತು.
'ನನ್ನ ಕಾಲನ್ನು ಒಂದು ದಿನ ಮುಟ್ಟಿದವರಲ್ಲ'
ಎಂದು ಇರೇನಾಗೆ ಈಗಲೂ ಸಿಟ್ಟು.

ಎರಡನೇ ವರ್ಷ ಡೆನ್ವರಿನಲ್ಲಿ ಕಿರುಬೆರಳು ಬಾಗಿತು,
ಮತ್ತೆ ನೆಟ್ಟಗಾಗಲಿಲ್ಲ.
ಲೋಟ ಹಿಡಿದರೆ ಅದೊಂದು ದೂರ ನಿಲ್ಲುತ್ತದೆ
ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ.
ನಾಲ್ಕನೇ ವರ್ಷ ಹಿತ್ತಾಳೆ ಫಲಕ ಬಂತು, ಅಕ್ಷರ ಸರಿಯಿತ್ತು.
ಹಳೆಯ ತಪ್ಪಿನ ಪಟ್ಟಿಯನ್ನು ಕಿತ್ತು
ಬಾಗಿಲಿನ ಒಳಮೈಗೆ ಅಂಟಿಸಿಕೊಂಡ.
ಆರನೇ ವರ್ಷ, ಕೆರೆಯ ಗಾಳಿಗೆ ಹಿಮ ಅಡ್ಡಡ್ಡ ಬೀಳುತ್ತಿದ್ದ ಡಿಸೆಂಬರಿನಲ್ಲಿ
ಗುದ್ದಿ ಎದ್ದವನು ತಾನಾಗಿ ಹೊರಗೆ ಬಂದು
ನನ್ನ ಪಕ್ಕ ಕೂತ. ಕೇಳಿದ:
'ಅಪ್ಪ ಬಂದಿದ್ದಾನಾ?'
ಅಪ್ಪನನ್ನು ಮಣ್ಣು ಮಾಡಿ ಎರಡು ವರ್ಷವಾಗಿತ್ತು.
ನಾನು ಡಾಕ್ಟರನ್ನು ಕೂಗಿದೆ.
ಕೂಗುವ ಮೊದಲು ಒಂದು ಗಳಿಗೆ ತಡೆದೆ.
ಆ ಗಳಿಗೆ ಯಾವ ಲೆಕ್ಕದಲ್ಲೂ ಬರೆದಿಲ್ಲ.

ಒಂಬತ್ತನೆಯ ಆಗಸ್ಟು. ಪಟ್ಟಿ ಬಂತು.
ಐವತ್ತಮೂರು ಹೆಸರು. ಎರಡು ಸಲ ಓದಿದೆ,
ಮೂರನೇ ಸಲ ಬೆರಳಿಟ್ಟು.
ಅವನು ಆರೂವರೆಗೇ ಬಂದು ಮೇಜಿನ ಮೇಲೆ ಕೂತು
ಬಲಗಾಲು ಚಾಚಿದ.
ಅವನಿಗೆ ಗೊತ್ತಿತ್ತು. ನನಗೆ ಗೊತ್ತಿರುವುದೂ ಗೊತ್ತಿತ್ತು,
ಎದುರಿನವರ ಮುಖ ಓದುವುದೇ ಅವನ ಕಸುಬು.
'ಸುತ್ತು' ಅಂದ.

ಸುತ್ತಿದೆ.
ಎಂಟರ ಆಕಾರಕ್ಕೆ ಎರಡು, ಗಂಟಿಗೆ ಮೂರು, ಬೀಗ.
ಒಂದು ಸುತ್ತೂ ಉಳಿಸಲಿಲ್ಲ.
ಪಟ್ಟಿ ಕಟ್ಟಿದ ಕಾಲಿಗೇ ಶೂ ಏರಿಸಿ
ಕಾರು ನಿಲ್ಲಿಸಿದ್ದಲ್ಲಿಗೆ ನಡೆದ,
ಆಟಕ್ಕೆ ಇಳಿಯುವವನ ನಡಿಗೆಯಲ್ಲೇ.

ಮೊನ್ನೆ ನಡುರಾತ್ರಿ ಫೋನು.
'ಜಿಗ್ಗಿ, ಅವರು ಎಡಕ್ಕೆ ಸರಿದರೆ ನಾನು ಕೂಗುತ್ತಿದ್ದೆನಲ್ಲ,
ಆ ಪದ ಏನು?'
ನನಗೇನು ಗೊತ್ತು, ನಾನು ಗೆರೆಯಾಚೆ
ಕತ್ತರಿ ಹಿಡಿದು ನಿಂತವನು.
ಇಬ್ಬರೂ ಸುಮ್ಮನಿದ್ದೆವು.
ಆಮೇಲೆ ಅವನೇ ಹೇಳಿದ,
ಆವತ್ತು ಪೆನ್ಸಿಲ್ವೇನಿಯಾ ದಾಟುವವರೆಗೂ ಬಿಚ್ಚಲಿಲ್ಲವಂತೆ,
ಬ್ರೇಕಿನ ಮೇಲೆ ಕಾಲು ಜೋಮು ಹಿಡಿದು
ಯಾವುದೋ ಮೋಟೆಲಿನಲ್ಲಿ
ಬ್ರೆಡ್ಡು ಕೊಯ್ಯುವ ಚಾಕು ಇಸಕೊಂಡು,
ಎಡಗಾಲಿನದು ಮೊದಲು.