ವಿಭೂತಿ ಬುಧವಾರ

ಹಣೆಯ ಮೇಲೆ ಬೂದಿಯ ಶಿಲುಬೆ ಹೊತ್ತು
ಎಕ್ಸ್-ರೇ ಕೋಣೆಯ ಬೀಗ ತೆಗೆಯುತ್ತಿದ್ದೆ.
ದಾಕ್ಷಾಯಿಣಿ ನಕ್ಕಳು:
‘ಏನೇ ಫಿಲೋ, ವರ್ಷಕ್ಕೊಂದೇ ದಿನವಾ ನಿಮಗೆ?
ನಾನು ದಿನಾ ಇಟ್ಟುಕೊಂಡೇ ಬರ್ತೀನಿ,
ಮೂರು ಬೆರಳು, ಒಂದು ಗೆರೆಯೂ ಕಮ್ಮಿಯಿಲ್ಲ.’

ಪಾದ್ರಿ ಏನು ಹೇಳಿ ಹಚ್ಚಿದರು ಅಂತ ಕೇಳಿದಳು.
ಮಣ್ಣು ನೀನು, ಮಣ್ಣಿಗೇ ಹೋಗ್ತೀಯ ಅಂತ, ಎಂದೆ.
‘ಬೆಳಿಗ್ಗೆ ಬೆಳಿಗ್ಗೆ ಹೀಗೆ ಹೆದರಿಸ್ತಾರಾ?’

ಅವಳು ರೆಕಾರ್ಡ್ ರೂಮಿನವಳು, ಅರಸೀಕೆರೆ ಕಡೆಯವಳು.
ಹಾಸನದ ದೊಡ್ಡಾಸ್ಪತ್ರೆಯಲ್ಲಿ ಹುಟ್ಟಿದವರದು, ಸತ್ತವರದು
ಕಡತವೆಲ್ಲ ಅವಳ ಕೈಬರಹ.
ಹನ್ನೊಂದು ವರ್ಷ ಒಂದೇ ಬೆಂಚಿನಲ್ಲಿ ಉಂಡಿದ್ದೇವೆ.
ನನ್ನದರಲ್ಲಿ ಮೀನಿದ್ದ ದಿನ ಅವಳ ಡಬ್ಬಿ
ಬೆಂಚಿನ ಆ ತುದಿಗೆ ತಾನೇ ಸರಿಯುತ್ತಿತ್ತು;
ತಪಸ್ಸು ಕಾಲದ ನಲವತ್ತು ದಿನ ಮಾತ್ರ
ಎರಡು ಡಬ್ಬಿಗೂ ಒಂದೇ ಜಾತಿ.

ಅನ್ನದ ನಡುವೆ ದೇವರು ಬರುತ್ತಿದ್ದ, ಉಪ್ಪಿನಕಾಯಿಯ ಹಾಗೆ.
‘ನಿಮ್ಮ ಸ್ವಾಮಿ ಸಾಯೋದ್ಯಾಕೆ ಬೇಕಿತ್ತು?’
ನಮಗಾಗಿ, ಎಂದೆ.
‘ನಾನು ಕೇಳಿರಲಿಲ್ಲವಲ್ಲ?’
ಜ್ಞಾನೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದ ಉತ್ತರ
ನಾಲಿಗೆಯವರೆಗೆ ಬರಲಿಲ್ಲ. ಹುಳಿಯ ಡಬ್ಬಿ ಮುಂದೆ ಸರಿಸಿದೆ.

ನಾನೂ ಬಿಟ್ಟವಳಲ್ಲ.
ಅಂಗೈಯೊಳಗೆ ಹಿಡಿಯುವ ದೇವರನ್ನು
ಎದೆಗೆ ಕಟ್ಟಿಕೊಂಡು ತಿರುಗ್ತೀಯಲ್ಲ, ಬೀಳಿಸಿಕೊಂಡರೆ?
ಆ ಮಧ್ಯಾಹ್ನವೆಲ್ಲ ಮಾತಿಲ್ಲ.
ಮಾರನೆಯ ದಿನ ಅವಳೇ ಹೇಳಿದಳು,
‘ಬೀಳಿಸಿಕೊಂಡರೆ ನಾನೇ ಬಿದ್ದ ಹಾಗೆ.
ಇನ್ನೊಂದು ಸಲ ಆ ಮಾತು ಆಡಬೇಡ.’

ಇಬ್ಬರೂ ಸುಡುವವರಲ್ಲ, ಹೂಳುವವರು.
ಅವಳ ಅಮ್ಮನನ್ನು ಮಣ್ಣಿಗಿಟ್ಟ ದಿನ ನೋಡಿದೆ:
ಕೂರಿಸಿದ್ದರು, ಎಡಗೈಯಲ್ಲಿ ಲಿಂಗವಿಟ್ಟು.
ವಾಪಸು ಬರುವ ಬಸ್ಸಿನಲ್ಲಿ ಹೇಳಿದೆ,
ನಾವು ಮಲಗಿಸ್ತೀವಿ, ಒಂದು ದಿನ ಏಳಲಿ ಅಂತ.
ಅವಳು ಕಿಟಕಿಯ ಹೊರಗೆ ನೋಡುತ್ತಲೇ,
‘ಕೂತವಳು ಏಳೋದೇನಿದೆ, ಫಿಲೋ.
ಅಮ್ಮ ಸೇರಿಯಾಯ್ತು.’
ದುದ್ದ ದಾಟುವವರೆಗೂ
ನನ್ನ ಪುನರುತ್ಥಾನವನ್ನು ತೊಡೆಯ ಮೇಲೆ
ಚೀಲದ ಹಾಗೆ ಇಟ್ಟುಕೊಂಡು ಕೂತಿದ್ದೆ.

ಈ ಬುಧವಾರ, ನಗು ಮುಗಿಯುವ ಮೊದಲೇ ಕೆಮ್ಮು.
ಮೂರು ವಾರವಾಯಿತಂತೆ, ಹೇಳಿರಲಿಲ್ಲ.
ಗೌನು ಕೊಟ್ಟೆ. ಎಲ್ಲರಿಗೂ ಹೇಳುವುದನ್ನೇ ಹೇಳಿದೆ:
ಕೊರಳಲ್ಲಿರೋದನ್ನ ತೆಗೀಬೇಕು.
ತಾಳಿ, ಸರ ಟ್ರೇಗೆ ಬಿದ್ದವು. ಕರಡಿಗೆ ಬೀಳಲಿಲ್ಲ.
ಬೆಳ್ಳಿ ಕಣೇ, ಫಿಲ್ಮಿನಲ್ಲಿ ಬಂದುಬಿಡುತ್ತೆ.
‘ಬರಲಿ ಬಿಡು. ನೀನೂ ಒಮ್ಮೆ ನೋಡಿದ ಹಾಗಾಯ್ತು.’
ನನ್ನ ಕೈಗೆ ಕೊಡು ಅನ್ನಲಿಲ್ಲ ನಾನು;
ಕೊಡುವುದಲ್ಲ ಅದು, ಅಷ್ಟು ಕಲಿತಿದ್ದೆ.
ಕಡೆಗೆ ದಾರ ಸಡಿಲಿಸಿ, ಎಡಗೈಯಲ್ಲಿ ಹಿಡಿದು,
ಮುಷ್ಟಿ ಸೊಂಟಕ್ಕೊತ್ತಿ
ತಣ್ಣನೆಯ ಪ್ಲೇಟಿಗೆ ಎದೆ ಕೊಟ್ಟು ನಿಂತಳು.
ಅವಳಮ್ಮ ಹಿಡಿದಿದ್ದೂ ಅದೇ ಕೈ.

ಉಸಿರು ಎಳೆದುಕೋ.
ಹಿಡಿ.

ಬಿಡು.

ಡಾರ್ಕ್‌ರೂಮಿನ ಕೆಂಪು ದೀಪದಡಿ
ಅವಳ ಪಕ್ಕೆಲುಬುಗಳು ನೀರಿನಿಂದ ಒಂದೊಂದೇ ಎದ್ದವು.
ಬಲಗಡೆ ಮೇಲೆ, ಹಳೆಯ ಗೋಡೆಗೆ ತೇವ ಹಿಡಿದಂತೆ,
ಒಂದು ಮಸುಕು.
ಓದುವವರು ಡಾಕ್ಟರು, ನಾನಲ್ಲ.
ಆದರೂ ಒದ್ದೆ ಫಿಲ್ಮನ್ನು ಕ್ಲಿಪ್ಪಿಗೆ ಸಿಕ್ಕಿಸಿ
ಅದರ ಕೆಳಗೇ ನಿಂತುಬಿಟ್ಟೆ.
ಫಿಕ್ಸರಿನ ಹುಳಿ ವಾಸನೆ. ನೆತ್ತಿಗೆ, ಹಣೆಗೆ ಹನಿ.
ಬೆರಳಲ್ಲಿ ಎಣಿಸಿದೆ, ಜಪಸರ ಮನೆಯಲ್ಲಿತ್ತು.

ಹೊರಗೆ ಬೆಂಚಿನ ಮೇಲೆ ಅವಳು
ತಾಳಿ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು.
‘ಇಷ್ಟು ಹೊತ್ತು ಒಳಗೇನು ಮಾಡ್ತಿದ್ದೆ?’
ಒಣಗಬೇಕಲ್ಲ, ಎಂದೆ.
‘ನನ್ನ ಕೇಳದೆ ನಿಮ್ಮ ಸ್ವಾಮಿಗೆ ಹೇಳಿಬಂದೆ ತಾನೆ?’
ಸ್ವಾಮಿಗಲ್ಲ. ಅವನ ತಾಯಿಗೆ.

ಬೂದಿ ನೀರಿಗೆ ಕಲೆಸಿ ನನ್ನ ಮೂಗಿಗಿಳಿದಿತ್ತು.
ಸೆರಗಿನ ತುದಿಯಿಂದ ಒರೆಸಿದಳು,
ಮೂಗಿನದಷ್ಟೇ, ಹಣೆಯದನ್ನು ಮುಟ್ಟದೆ.
‘ಹೆಸರು ಪೂರ್ತಿ ಹೇಳಿದೆಯಾ?
ಬರೀ ದಾಕ್ಷಾಯಿಣಿ ಅಂದರೆ ಆಗಲ್ಲ ಕಣೇ.
ನನ್ನ ಕಡತದಲ್ಲೇ ಇಪ್ಪತ್ತಾರು ಜನ ಇದ್ದಾರೆ.’